ಬೇಸಾಯಗಾರನ ಮಡಿಸುವ ಚಾಕು: ಅದನ್ನು ಆರಿಸುವ ಮತ್ತು ಮಸೆಯುವ ಕ್ರಮ

೧. ಪೀಠಿಕೆ

ನೇಗಿಲು, ಕುಂಟೆ, ಕೂರಿಗೆ ಮೊದಲಾದುವು ವರ್ಷದಲ್ಲಿ ಕೆಲವು ದಿನಗಳು ಮಾತ್ರ ಕೆಲಸಕ್ಕೆ ಬರತಕ್ಕ ಉಪಕರಣಗಳು. ಬೇಸಾಯಗಾರನ ಜೇಬಿನಲ್ಲಿರುವ ಮಡಿಸುವ ಚಾಕಾದರೋ ವರ್ಷದ ಎಲ್ಲ ದಿನಗಳಲ್ಲಿಯೂ ಕೆಲಸಮಾಡುತ್ತದೆ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಹಗ್ಗ ಕೊಯ್ಯುವುದು, ವೀಳೆಯದ ಬಳ್ಳಿಯ ಕಟ್ಟು ಸಡಲಿಸುವುದು, ಗಿಡದ ಒಣಕಡ್ಡಿಯನ್ನು ಸವರುವುದು, ಕಸಿ ಕಟ್ಟಲು ಕುಡಿಯನ್ನು ಸಿದ್ಧಪಡಿಸುವುದು, ಹುಳು ಹೊಕ್ಕ ಕಾಯಿಯನ್ನು ಸೀಳಿ ನೋಡುವುದು, ಇವೆಲ್ಲವೂ ಅದರ ಕೆಲಸಗಳೇ. ಇಷ್ಟು ಸೇವೆ ಮಾಡುವ ಉಪಕರಣಕ್ಕೆ ಸಾಮಾನ್ಯವಾಗಿ ದೊರೆಯುವ ಆರೈಕೆಯಾದರೋ ಅತ್ಯಲ್ಪ. ಕೊಂಡ ದಿನ ಅದು ಹರಿತವಾಗಿರುತ್ತದೆ. ಮೂರು ತಿಂಗಳಲ್ಲಿ ಮೊಂಡಾಗುತ್ತದೆ. ಆಮೇಲೆ ಅದರ ಒಡೆಯನು ಚಾಕು ಕೆಟ್ಟದ್ದೆಂದು ದೂರಿ ಮತ್ತೊಂದನ್ನು ಕೊಳ್ಳುತ್ತಾನೆ. ಕುಣಿಯಲಾರದವಳು ನೆಲ ಡೊಂಕೆಂದ ಗಾದೆಯು ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಹರಿತವು ಅಂಗಡಿಯಲ್ಲಿ ಒಂದೇ ಸಲ ಕೊಳ್ಳತಕ್ಕ ವಸ್ತುವಲ್ಲ. ಮನೆಯಲ್ಲಿ ಆಗಾಗ್ಗೆ ಹೊಸದಾಗಿ ಮಾಡಿಕೊಳ್ಳತಕ್ಕದ್ದು. ಸಾಧಾರಣ ಬೆಲೆಯ ಒಂದು ಚಾಕು, ಎರಡು ಮುಖವುಳ್ಳ ಒಂದು ಕಲ್ಲು, ಒಂದು ತುಂಡು ತೊಗಲು, ವಾರಕ್ಕೆ ಹತ್ತು ನಿಮಿಷದ ಶ್ರಮ, ಇವಿಷ್ಟಿದ್ದರೆ ಯಾವ ರೈತನಾದರೂ ತನ್ನ ಚಾಕನ್ನು ಹಲವು ವರ್ಷ ಹರಿತವಾಗಿಟ್ಟುಕೊಳ್ಳಬಹುದು. ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

೨. ಮೊಂಡು ಚಾಕಿನಿಂದಾಗುವ ನಷ್ಟ

ಮೊಂಡು ಚಾಕಿನಿಂದ ಕೆಲಸ ನಿಧಾನವಾಗುತ್ತದೆ, ಅಷ್ಟೇ, ಎಂದು ಹಲವರ ತಿಳಿವಳಿಕೆ. ವಾಸ್ತವವಾಗಿ ಇದರಿಂದ ಗಿಡಕ್ಕೂ ಕೈಗೂ ಎರಡಕ್ಕೂ ಹಾನಿಯುಂಟು.

ಮೊದಲನೆಯದಾಗಿ, ಗಿಡದ ಹಾನಿ. ಮರದ ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಬೆಳೆಯುವ ಪದರವಿದೆ. ಗಿಡದ ಗಾಯ ಮಾಯುವುದೂ, ಕಸಿ ಕೂಡಿಕೊಳ್ಳುವುದೂ ಈ ಪದರದಿಂದಲೇ. ಹರಿತವಾದ ಅಲಗು ಈ ಪದರವನ್ನು ನಯವಾಗಿ ಕೊಯ್ಯುತ್ತದೆ. ಮೊಂಡಾದ ಅಲಗು ಅದನ್ನು ಜಜ್ಜಿ ಹರಿಯುತ್ತದೆ. ಜಜ್ಜಿದ ಭಾಗವು ಸತ್ತು ಕಪ್ಪಾಗಿ ಶಿಲೀಂಧ್ರಗಳಿಗೆ ಆಹಾರವಾಗುತ್ತದೆ. ಕಸಿ ಕಟ್ಟುವಾಗ ಬೇರುಸಸಿಯ ಸೀಳಿಗೂ ಕುಡಿಯ ಬೆಣೆಗೂ ನಡುವೆ ಸಂದಿಲ್ಲದಂತೆ ಎರಡು ಮುಖಗಳೂ ಒಂದಕ್ಕೊಂದು ಅಂಟಿ ಕೂರಬೇಕು. ಚಾಕು ಮೊಂಡಾಗಿದ್ದರೆ ಬೆಣೆಯ ಮುಖವು ಅಲೆಯಲೆಯಾಗಿ ಬರುತ್ತದೆ. ಅದನ್ನು ಸಮಮಾಡಲು ಎರಡು ಮೂರು ಸಲ ಹೆರೆದರೆ ಅಷ್ಟರಲ್ಲಿ ಕೊಯ್ದ ಮುಖ ಒಣಗಿಹೋಗುತ್ತದೆ.

ಒಂದು ಊರಿನ ಇಬ್ಬರು ರೈತರು ಒಂದೇ ಮಾವಿನ ಮರದಿಂದ ಕುಡಿಗಳನ್ನು ತಂದು, ಒಂದೇ ವಯಸ್ಸಿನ ಸಸಿಗಳಿಗೆ, ಮಳೆಗಾಲದ ಒಂದೇ ವಾರದಲ್ಲಿ ಕಸಿ ಕಟ್ಟಿದರೆಂದು ಭಾವಿಸೋಣ. ಒಬ್ಬನ ಚಾಕು ಹರಿತ, ಇನ್ನೊಬ್ಬನದು ಮೊಂಡು. ಮೊದಲನೆಯವನು ಒಂದೇ ಎಳೆತದಲ್ಲಿ ಬೆಣೆಯನ್ನು ಕೊಯ್ದು ಕಟ್ಟುತ್ತಾನೆ. ಎರಡನೆಯವನ ಕಟ್ಟಿನೊಳಗೆ ಗಾಳಿಯೂ ಜಜ್ಜಿದ ನಾರೂ ಉಳಿಯುತ್ತವೆ. ಕುಡಿ ಕೆಲವು ದಿನ ಹಸುರಾಗಿದ್ದಂತೆ ಕಂಡು ಆಮೇಲೆ ಬಾಡುತ್ತದೆ. ಅವನು ಕಳೆದುಕೊಂಡದ್ದು ಒಂದು ಕಡ್ಡಿಯನ್ನಲ್ಲ. ಕಸಿಯ ಕಾಲ ಮುಗಿದಿರುವುದರಿಂದ ಆ ಸಸಿಯ ಒಂದು ವರ್ಷವನ್ನು. ಕುಡಿ ಕೆಟ್ಟದ್ದು, ಮಳೆ ಕೆಟ್ಟದ್ದು, ಗಳಿಗೆ ಕೆಟ್ಟದ್ದು ಎಂದು ಅವನು ಹೇಳಿಕೊಳ್ಳಬಹುದು. ಕೆಟ್ಟದ್ದು ಚಾಕಿನ ಬಾಯಿ.

ಎರಡನೆಯದಾಗಿ, ಕೈಯ ಹಾನಿ. ಹರಿತವಾದ ಚಾಕೇ ಕೈಯನ್ನು ಕೊಯ್ಯುವುದೆಂಬ ಭಯ ಜನರಲ್ಲಿ ಸಾಮಾನ್ಯ. ಆದರೆ ಹರಿತವಾದ ಅಲಗು ಅಲ್ಪ ಬಲದಿಂದ, ಒಡೆಯನ ಇಷ್ಟದಂತೆ ನಡೆಯುತ್ತದೆ. ಮೊಂಡು ಚಾಕನ್ನು ಬಲವಾಗಿ ಒತ್ತಬೇಕಾಗುತ್ತದೆ. ಒತ್ತಿದ ಅಲಗು ಗಂಟಿನ ಮೇಲೆ ಜಾರಿ ಹೆಬ್ಬೆರಳಿಗೋ ಅಂಗೈಗೋ ಇಳಿಯುತ್ತದೆ. ಹೊಲದಲ್ಲಿ ಆದ ಗಾಯವು ಸಣ್ಣದೆಂದು ಉದಾಸೀನ ಮಾಡತಕ್ಕದ್ದಲ್ಲ. ಧನುರ್ವಾಯುವನ್ನುಂಟುಮಾಡುವ ರೋಗಾಣುಗಳು ಮಣ್ಣಿನಲ್ಲಿಯೂ ಪ್ರಾಣಿಗಳ ಸಗಣಿ ಲದ್ದಿಗಳಲ್ಲಿಯೂ ಇರುತ್ತವೆ. ಬಾಯಿ ಕಿರಿದಾಗಿ ಆಳವಾಗಿರುವ ಗಾಯದಲ್ಲಿ ಗಾಳಿ ಆಡದಿರುವುದರಿಂದ ಅವು ಅಲ್ಲಿ ಚೆನ್ನಾಗಿ ಬೆಳೆಯುತ್ತವೆ. ಗಾಯವನ್ನು ಕೂಡಲೆ ಸಾಬೂನು ಮತ್ತು ಶುದ್ಧವಾದ ನೀರಿನಿಂದ ತೊಳೆದು, ವೈದ್ಯರಿಗೆ ತೋರಿಸತಕ್ಕದ್ದು. ಮಣ್ಣು ತಗಲಿದ ಗಾಯವಾಗಿದ್ದು, ಧನುರ್ವಾಯುವಿನ ಹಿಂದಿನ ಚುಚ್ಚುಮದ್ದಾಗಿ ಐದು ವರ್ಷ ಕಳೆದಿದ್ದರೆ ಮತ್ತೆ ಹಾಕಿಸಿಕೊಳ್ಳುವುದು ಅವಶ್ಯಕ. ಗಾಯಕ್ಕೆ ಮಣ್ಣು, ಸಗಣಿ, ಕಾಫಿಪುಡಿ ಮೊದಲಾದುವನ್ನು ಮೆತ್ತುವುದು ಅಪಾಯಕರ.

೩. ಉಕ್ಕಿನ ವಿಚಾರ

ಚಾಕಿನ ಗುಣವು ಮುಖ್ಯವಾಗಿ ಅದರ ಉಕ್ಕನ್ನೂ ಆ ಉಕ್ಕಿಗೆ ಕೊಟ್ಟ ಹದವನ್ನೂ ಅವಲಂಬಿಸಿದೆ. ಕಬ್ಬಿಣದಲ್ಲಿ ನೂರಕ್ಕೆ ಅರ್ಧದಿಂದ ಒಂದು ಪಾಲಿನವರೆಗೆ ಇಂಗಾಲವು ಸೇರಿದರೆ ಅದನ್ನು ಕಾಯಿಸಿ ತಟ್ಟನೆ ತಣಿಸಿದಾಗ ಗಡಸಾಗುವ ಶಕ್ತಿ ಬರುತ್ತದೆ. ಇಂಗಾಲ ಬಹಳ ಕಡಿಮೆಯಿರುವ ಮೆತು ಕಬ್ಬಿಣವು ಎಷ್ಟು ಮಸೆದರೂ ಹರಿತವನ್ನು ಹಿಡಿದಿಟ್ಟುಕೊಳ್ಳಲಾರದು.

ಈ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಮೂಸೆಯಲ್ಲಿ ಕಬ್ಬಿಣವನ್ನೂ ಸೊಪ್ಪುಕಡ್ಡಿಗಳನ್ನೂ ಇಟ್ಟು ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುವ ಕುಲುಮೆಗಳು ಮೈಸೂರು ಸೀಮೆಯಲ್ಲಿದ್ದುವು. ೧೮೦೦-೦೧ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಅವುಗಳನ್ನು ವರ್ಣಿಸಿದ್ದಾನೆ. ಯೂರೋಪಿನವರು ಈ ಬಗೆಯ ಉಕ್ಕನ್ನು ‘ವೂಟ್ಸ್’ ಎಂದು ಕರೆದರು. ಅದು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಆ ಕುಲುಮೆಗಳು ಈಗ ಇಲ್ಲ. ಆದರೆ ಮೋಟಾರು ಲಾರಿಗಳ ಹಳೆಯ ಕಮಾನುಪಟ್ಟಿಯಿಂದ ಕತ್ತಿ ಕುಡುಗೋಲುಗಳನ್ನು ಮಾಡುವ ಕಮ್ಮಾರರು ಅನೇಕ ಊರುಗಳಲ್ಲಿ ಉಂಟು. ಈ ಪಟ್ಟಿಯಲ್ಲಿ ನೂರಕ್ಕೆ ಸುಮಾರು ೦.೬ ಪಾಲು ಇಂಗಾಲವಿರುವುದರಿಂದ ಸರಿಯಾಗಿ ಹದ ಕೊಟ್ಟರೆ ಒಳ್ಳೆಯ ಅಲಗಾಗುತ್ತದೆ.

ಅಂಗಡಿಗಳಲ್ಲಿ ದೊರೆಯುವ ಚಾಕುಗಳ ಅಲಗುಗಳು ಎರಡು ವಿಧ:

(ಅ) ಸಾದಾ ಇಂಗಾಲದ ಉಕ್ಕು. ಇದು ಸುಲಭವಾಗಿ ಮಸೆಯಲ್ಪಟ್ಟು ಅತ್ಯಂತ ನಯವಾದ ಹರಿತವನ್ನು ಪಡೆಯುತ್ತದೆ. ಆದರೆ ಇದಕ್ಕೆ ತುಕ್ಕು ಹಿಡಿಯುತ್ತದೆ. ಮಾವು, ನಿಂಬೆ, ಬಾಳೆಗಳ ರಸ ತಗಲಿದಾಗ ಕಪ್ಪಾಗುತ್ತದೆ. ಪ್ರತಿದಿನ ಒರಸಿಡುವ ಅಭ್ಯಾಸವಿದ್ದವರಿಗೂ, ಕಸಿಯ ಕೆಲಸಕ್ಕೂ ಇದು ಉತ್ತಮ.

(ಆ) ತುಕ್ಕು ಹಿಡಿಯದ ಉಕ್ಕು. ಇದರಲ್ಲಿ ನೂರಕ್ಕೆ ಹತ್ತೂವರೆ ಪಾಲಿಗೆ ಕಡಿಮೆಯಿಲ್ಲದಂತೆ ಕ್ರೋಮಿಯಂ ಸೇರಿರುತ್ತದೆ. ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು ೧೯೧೩ರಲ್ಲಿ ಇಂತಹ ಉಕ್ಕನ್ನು ತಯಾರಿಸಿದ ಮೇಲೆ ಚಾಕುಗಳಲ್ಲಿ ಇದರ ಬಳಕೆ ಹರಡಿತು. ಮಲೆನಾಡಿನ ಮಳೆಗಾಲಕ್ಕೂ, ಚಾಕನ್ನು ಒರಸುವುದನ್ನು ಮರೆಯುವವರಿಗೂ ಇದೇ ಮೇಲು. ಇದರಲ್ಲಿ ಅಗ್ಗದ ಬಗೆಗಳು ಮೆದುವಾಗಿರುವುದರಿಂದ ಬೇಗ ಮೊಂಡಾಗುತ್ತವೆ.

ಹೊಳಪನ್ನು ನೋಡಿ ಉಕ್ಕನ್ನು ಅಳೆಯಲಾಗದು. ಅಂಗಡಿಯವನು ಒಪ್ಪಿದರೆ, ಅಲಗಿನ ಬುಡದಲ್ಲಿ ಕಾಣದ ಕಡೆ ಸಣ್ಣ ಅರವನ್ನು ಮೆಲ್ಲಗೆ ಎಳೆದು ನೋಡಬಹುದು. ಅರವು ಕಚ್ಚದೆ ಜಾರಿದರೆ ಉಕ್ಕು ಗಡಸಾಗಿದೆ. ಸುಲಭವಾಗಿ ಕಚ್ಚಿ ಪುಡಿಯುದುರಿಸಿದರೆ ಅಲಗು ಮೆದು.

೪. ಚಾಕನ್ನು ಆರಿಸುವಾಗ ನೋಡತಕ್ಕ ಅಂಶಗಳು

ಅಲಗಿನ ಉದ್ದ: ದಿನಬಳಕೆಗೆ ಎರಡೂವರೆಯಿಂದ ಮೂರು ಅಂಗುಲ, ಎಂದರೆ ಆರರಿಂದ ಏಳೂವರೆ ಸೆಂಟಿಮೀಟರು, ಸಾಕು. ಅಲಗು ಉದ್ದವಾದಷ್ಟೂ ಮೊನೆಯು ಕೈಯ ಹತೋಟಿಯನ್ನು ಮೀರುತ್ತದೆ. ದಪ್ಪ ಕೊಂಬೆಗೆ ಗರಗಸವೂ ಮಚ್ಚೂ ಇವೆ. ಚಾಕಿನಿಂದ ಆ ಕೆಲಸ ಮಾಡಿಸತಕ್ಕದ್ದಲ್ಲ.

ಅಲಗಿನ ಆಕಾರ: ನೇರವಾದ ಬಾಯುಳ್ಳ ಅಲಗು ಮಸೆಯಲು ಸುಲಭ, ಕಸಿಗೆ ಯೋಗ್ಯ. ಕೊಕ್ಕಿನಂತೆ ಒಳಕ್ಕೆ ಬಾಗಿದ ಅಲಗು ಕಡ್ಡಿಗಳನ್ನು ಎಳೆದು ಸವರಲು ಅನುಕೂಲ. ಆದರೆ ಅದನ್ನು ಚಪ್ಪಟೆ ಕಲ್ಲಿನ ಮೇಲೆ ಮಸೆಯಲಾಗದು, ದುಂಡನೆಯ ಕಲ್ಲು ಬೇಕು. ಗುಲಾಬಿ, ಕಿತ್ತಳೆ, ನಿಂಬೆಗಳಿಗೆ ಕಣ್ಣು ಕಸಿ ಮಾಡುವ ಚಾಕಿನಲ್ಲಿ ತೊಗಟೆಯನ್ನು ಎಬ್ಬಿಸಲು ಒಂದು ಮೊಂಡಾದ ನಾಲಗೆಯೂ ಇರುತ್ತದೆ. ಒಂದೇ ಚಾಕನ್ನು ಕೊಳ್ಳುವವನು ನೇರ ಬಾಯಿಯದನ್ನೇ ಕೊಳ್ಳತಕ್ಕದ್ದು.

ಮಸೆದ ಮುಖ: ಸಾಧಾರಣ ಚಾಕುಗಳು ಎರಡು ಮೈಗಳಲ್ಲಿಯೂ ಮಸೆಯಲ್ಪಟ್ಟಿರುತ್ತವೆ. ಕಸಿ ಚಾಕುಗಳಲ್ಲಿ ಅನೇಕವು ಒಂದು ಮೈಯಲ್ಲಿ ಮಾತ್ರ ಮಸೆಯಲ್ಪಟ್ಟು ಇನ್ನೊಂದು ಮೈ ಚಪ್ಪಟೆಯಾಗಿರುತ್ತವೆ. ಚಪ್ಪಟೆ ಮೈ ಕಡ್ಡಿಯ ಮೇಲೆ ಒರಗಿ ಸಾಗುವುದರಿಂದ ಕೊಯ್ದ ಮುಖ ಸಪಾಟಾಗಿ ಬರುತ್ತದೆ. ಎಡಗೈಯಿಂದ ಕೆಲಸ ಮಾಡುವವರು ಇದಕ್ಕೆ ವಿರುದ್ಧ ಮೈಯಲ್ಲಿ ಮಸೆದ ಚಾಕನ್ನು ಕೇಳಿ ಪಡೆಯಬೇಕು.

ಕೀಲು ಮತ್ತು ಕಮಾನು: ಅಲಗನ್ನು ಪೂರ್ತಿ ತೆರೆದು ಅದರ ಮೊನೆಯನ್ನು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡತಕ್ಕದ್ದು. ಕೀಲು ಸಡಲವಾಗಿದ್ದರೆ ಆ ಚಾಕನ್ನು ಕೊಳ್ಳಬಾರದು. ಮುಚ್ಚುವಾಗ ಕಮಾನು ಅಲಗನ್ನು ದೃಢವಾಗಿ ಹಿಡಿದು, ಆಮೇಲೆ ಬಿಡಬೇಕು. ಕಮಾನು ದುರ್ಬಲವಾದ ಚಾಕು ಕೆಲಸದ ನಡುವೆ ಬೆರಳ ಮೇಲೆ ಮಡಿಸಿಕೊಳ್ಳುತ್ತದೆ. ತೆರೆದ ಅಲಗನ್ನು ಬಳೆಯಿಂದಲೋ ಪಟ್ಟಿಯಿಂದಲೋ ಬಿಗಿಯುವ ಏರ್ಪಾಡುಳ್ಳ ಚಾಕುಗಳು ಹೆಚ್ಚು ಸುರಕ್ಷಿತ. ಮುಚ್ಚಿದಾಗ ಅಲಗಿನ ಬಾಯಿ ಹಿಡಿಯೊಳಗಿನ ಲೋಹಕ್ಕೆ ತಾಗುವಂತಿದ್ದರೆ ಪ್ರತಿಸಲ ಮುಚ್ಚಿದಾಗಲೂ ಹರಿತವು ಅಲ್ಲಿಯೇ ಕೆಡುತ್ತದೆ. ಇದನ್ನೂ ಪರೀಕ್ಷಿಸಿ ನೋಡತಕ್ಕದ್ದು.

ಹಿಡಿ: ಒದ್ದೆ ಕೈಯಲ್ಲಿ ಜಾರದಿರುವಂತಹುದು ಒಳ್ಳೆಯದು. ಒಣಗಿದ ಗಟ್ಟಿ ಮರದ ಹಿಡಿ, ಕೊಂಬಿನ ಹಿಡಿ ಎರಡೂ ಯೋಗ್ಯ. ಹಿಡಿಯು ಅಂಗೈಯ ಅಗಲಕ್ಕಿಂತ ಚಿಕ್ಕದಾಗಿರಬಾರದು.

ಒಂದೇ ಹಿಡಿಯಲ್ಲಿ ಹತ್ತು ಉಪಕರಣಗಳನ್ನು ಅಡಕಮಾಡಿದ ಚಾಕುಗಳು ನೋಡಲು ಚೆಲುವು. ಹೊಲದಲ್ಲಿ ಅವುಗಳ ಸಂದುಗಳೆಲ್ಲ ಮಣ್ಣಿನಿಂದ ತುಂಬುತ್ತವೆ. ಒಂದೇ ಅಲಗಿನ ಗಟ್ಟಿಮುಟ್ಟಾದ ಚಾಕೇ ರೈತನಿಗೆ ಸಾಕು.

೫. ಮಸೆಯುವ ಕಲ್ಲುಗಳು

ಹಳ್ಳಿಗಳಲ್ಲಿ ಚಾಕನ್ನು ಬಾವಿಯ ಚಪ್ಪಡಿಗೋ ಹೊಸ್ತಿಲಿಗೋ ಉಜ್ಜುವ ವಾಡಿಕೆಯುಂಟು. ಚಪ್ಪಡಿಯ ಕಣಗಳು ಒರಟಾಗಿಯೂ ಅಸಮವಾಗಿಯೂ ಇರುವುದರಿಂದ ಅಲಗಿನ ಬಾಯಿ ಗರಗಸದಂತಾಗುತ್ತದೆ. ಹಗ್ಗ ಕೊಯ್ಯಲು ಅದು ಸಾಕಾದೀತು, ಕಸಿಗೆ ಸಲ್ಲದು. ಕತ್ತಿಯನ್ನು ಮಸೆಯಲು ಮರದ ತುಂಡಿನ ಮೇಲೆ ಬೆಣಚುಕಲ್ಲಿನ ನುಣುಪಾದ ಪುಡಿಯನ್ನು ಉದುರಿಸಿ ಉಜ್ಜುವ ಹಿಂದಿನವರ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು. ಪುಡಿ ನುಣುಪಾದಷ್ಟೂ ಹರಿತ ನಯವಾಗುತ್ತದೆ.

ಈಗ ಅಂಗಡಿಗಳಲ್ಲಿ ಒಂದು ಮುಖ ಒರಟಾಗಿಯೂ ಇನ್ನೊಂದು ಮುಖ ನುಣುಪಾಗಿಯೂ ಇರುವ ಕೃತಕ ಕಲ್ಲುಗಳು ದೊರೆಯುತ್ತವೆ. ಇವನ್ನು ಸಿಲಿಕಾನ್ ಕಾರ್ಬೈಡು ಅಥವಾ ಅಲ್ಯೂಮಿನಿಯಂ ಆಕ್ಸೈಡಿನ ಕಣಗಳಿಂದ ಮಾಡಿರುತ್ತಾರೆ. ಕಣದ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು. ಮೊಂಡಾದ ಅಲಗನ್ನು ತಿದ್ದಲು ೨೦೦ರಿಂದ ೪೦೦ರವರೆಗಿನದೂ, ಹರಿತವನ್ನು ನಯಗೊಳಿಸಲು ೮೦೦ರಿಂದ ೧೦೦೦ದವರೆಗಿನದೂ ಸಾಕು. ಕಲ್ಲಿನ ಉದ್ದ ಆರು ಅಂಗುಲಕ್ಕೆ ಕಡಿಮೆಯಿರಬಾರದು.

ಕಲ್ಲಿಗೆ ನೀರನ್ನಾದರೂ ತೆಳುವಾದ ಎಣ್ಣೆಯನ್ನಾದರೂ ಉಪಯೋಗಿಸಬಹುದು. ಸವೆದ ಉಕ್ಕಿನ ಪುಡಿಯನ್ನು ಕಲ್ಲಿನ ರಂಧ್ರಗಳಿಂದ ಎತ್ತಿಹಾಕುವುದು ಇವುಗಳ ಕೆಲಸ. ಒಮ್ಮೆ ಎಣ್ಣೆ ಹಾಕಿದ ಕಲ್ಲಿಗೆ ಆಮೇಲೆ ನೀರು ಹಿಡಿಯುವುದಿಲ್ಲವಾದ್ದರಿಂದ ಮೊದಲೇ ಒಂದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ರೈತರಿಗೆ ನೀರೇ ಅನುಕೂಲ. ಕಲ್ಲಿನ ನಡುಭಾಗವನ್ನೇ ಬಳಸಿದರೆ ಅಲ್ಲಿ ತಗ್ಗುಬಿದ್ದು ಅಲಗು ಸಮವಾಗಿ ತಾಗುವುದಿಲ್ಲ. ಅಂತಹ ಕಲ್ಲನ್ನು, ಸಮತಟ್ಟಾದ ಚಪ್ಪಡಿಯ ಮೇಲೆ ಮರಳು ಮತ್ತು ನೀರು ಹಾಕಿ ಉಜ್ಜಿ ಮಟ್ಟಮಾಡಬಹುದು. ಹೊಸ್ತಿಲ ಚಪ್ಪಡಿಗೆ ಇದೇ ಯೋಗ್ಯವಾದ ಕೆಲಸ.

೬. ಮಸೆಯುವ ಕ್ರಮ

ಮಸೆಯುವುದರಲ್ಲಿ ಬಲಕ್ಕಿಂತಲೂ ಕೋನವು ಮುಖ್ಯ. ಅಲಗನ್ನು ಮೊದಲಿನಿಂದ ಕಡೆಯವರೆಗೆ ಒಂದೇ ಕೋನದಲ್ಲಿ ಹಿಡಿಯಬಲ್ಲವನಿಗೆ ಈ ವಿದ್ಯೆ ಬಂದಂತೆಯೇ ಸರಿ.

ಕೋನವನ್ನು ಕಂಡುಹಿಡಿಯಲು ಯಂತ್ರ ಬೇಕಾಗಿಲ್ಲ. ಅಲಗನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿ, ಬಾಯನ್ನು ಕಲ್ಲಿನ ಮೇಲೆಯೇ ಇಟ್ಟು, ಅಲಗಿನ ಅಗಲದ ಮೂರರಲ್ಲಿ ಒಂದು ಪಾಲಿನಷ್ಟು ಎತ್ತರಕ್ಕೆ ಬೆನ್ನನ್ನು ಎತ್ತಿದರೆ ಸುಮಾರು ೨೦ ಡಿಗ್ರಿಯಾಗುತ್ತದೆ. ನಾಲ್ಕರಲ್ಲಿ ಒಂದು ಪಾಲಿನಷ್ಟು ಎತ್ತಿದರೆ ಸುಮಾರು ೧೫ ಡಿಗ್ರಿ. ಒರಟು ಕೆಲಸದ ಚಾಕಿಗೆ ಪ್ರತಿ ಮೈಗೂ ೨೦ ಡಿಗ್ರಿ ಯೋಗ್ಯ. ಹಸಿ ಕಡ್ಡಿಗಳನ್ನು ಮಾತ್ರ ಕೊಯ್ಯುವ ಚಾಕಿಗೆ ೧೫ ಡಿಗ್ರಿ. ಕೋನ ಕಿರಿದಾದಷ್ಟೂ ಹರಿತ ಹೆಚ್ಚು, ಬಾಳಿಕೆ ಕಡಿಮೆ.

(೧) ಚಾಕನ್ನು ತೊಳೆದು ಒರಸಿ, ಕೀಲಿನ ಮಣ್ಣನ್ನು ತೆಗೆಯತಕ್ಕದ್ದು. ಕಲ್ಲನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಅಲುಗಾಡದಂತೆ ಇಡತಕ್ಕದ್ದು. ಕಲ್ಲನ್ನು ಕೈಯಲ್ಲಿ ಹಿಡಿದು ಮಸೆಯಬಾರದು.

(೨) ಕಲಿಯುವವರು ಅಲಗಿನ ಬಾಯಿಯ ಉದ್ದಕ್ಕೂ ಮಸಿಯನ್ನು ತೆಳುವಾಗಿ ಹಚ್ಚಿಕೊಳ್ಳುವುದು ಒಳ್ಳೆಯದು. ಎರಡು ಮೂರು ಸಲ ಎಳೆದ ಮೇಲೆ ಬಾಯಿಯ ತುದಿಯಲ್ಲಿ ಮಸಿ ಹೋಗಿದ್ದರೆ ಕೋನ ಸರಿ. ಮೇಲುಭಾಗದಲ್ಲಿ ಮಾತ್ರ ಹೋಗಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು.

(೩) ಒರಟು ಮುಖದ ಮೇಲೆ, ಬಾಯಿ ಮುಂದಾಗಿ, ಕಲ್ಲಿನಿಂದ ತೆಳುವಾದ ಪದರವನ್ನು ಹೆರೆಯುವಂತೆ, ಬುಡದಿಂದ ಮೊನೆಯವರೆಗೆ ಅಲಗನ್ನು ಸಾಗಿಸತಕ್ಕದ್ದು. ಬಾಯಿ ಬಾಗಿರುವ ಮೊನೆಯ ಹತ್ತಿರ ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿದರೆ ಕೋನ ಕೆಡುವುದಿಲ್ಲ.

(೪) ಒಂದೇ ಮೈಯನ್ನು ಹೀಗೆ ಮಸೆಯುತ್ತ ಹೋದರೆ, ವಿರುದ್ಧ ಮೈಯ ಬಾಯಂಚಿನಲ್ಲಿ ಕೂದಲೆಳೆಯಂತಹ ಒರಟು ಉಕ್ಕು ಮಗುಚಿಕೊಳ್ಳುತ್ತದೆ. ಮುಂದೆ ಇದನ್ನು ಮಡಿಕೆಯೆಂದು ಕರೆಯಲಾಗಿದೆ. ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಬೆರಳನ್ನು ಮೆಲ್ಲಗೆ ಸವರಿದರೆ ಇದು ತಗಲುತ್ತದೆ. ಬುಡದಿಂದ ಮೊನೆಯವರೆಗೂ ಮಡಿಕೆ ಎದ್ದಿದೆಯೇ ಎಂದು ನೋಡತಕ್ಕದ್ದು. ಬಹುಜನರು ಸೋಲುವುದು ಇಲ್ಲಿಯೇ. ಮಡಿಕೆ ಏಳುವುದಕ್ಕೆ ಮುಂಚೆ ಮೈ ತಿರುಗಿಸಿದರೆ ಎರಡು ಮೈಗಳೂ ಒಂದನ್ನೊಂದು ಸಂಧಿಸದೆ, ಎಷ್ಟು ಹೊತ್ತು ಮಸೆದರೂ ಚಾಕು ಮೊಂಡಾಗಿಯೇ ಉಳಿಯುತ್ತದೆ.

(೫) ಆಮೇಲೆ ಅಲಗನ್ನು ತಿರುಗಿಸಿ, ಇನ್ನೊಂದು ಮೈಯನ್ನೂ ಅದೇ ಕೋನದಲ್ಲಿ, ಮಡಿಕೆಯು ಮೊದಲ ಮೈಗೆ ಬರುವವರೆಗೆ ಮಸೆಯತಕ್ಕದ್ದು.

(೬) ಈಗ ಕಲ್ಲಿನ ನುಣುಪು ಮುಖಕ್ಕೆ ಬಂದು, ಒಂದೊಂದು ಮೈಗೆ ಒಂದೊಂದು ಎಳೆತದಂತೆ, ಕೈಯ ಭಾರವನ್ನು ಕ್ರಮವಾಗಿ ಕಡಿಮೆಮಾಡುತ್ತ ಇಪ್ಪತ್ತು ಮೂವತ್ತು ಸಲ ಎಳೆಯತಕ್ಕದ್ದು. ಕಡೆಯ ಎಳೆತಗಳಲ್ಲಿ ಚಾಕಿನ ಸ್ವಂತ ಭಾರವೇ ಸಾಕು.

(೭) ಉಳಿದ ಸೂಕ್ಷ್ಮವಾದ ಮಡಿಕೆಯನ್ನು ತೊಗಲಿನ ಮೇಲೆ ತೆಗೆಯಬೇಕು. ಹಳೆಯ ನಡುಕಟ್ಟಿನ ಪಟ್ಟಿಯನ್ನು ಹಲಗೆಗೆ ಬಿಗಿದರೆ ಸಾಕು. ಇಲ್ಲಿ ಮಾತ್ರ ಕ್ಷೌರದವನು ಕತ್ತಿಯನ್ನು ಎಳೆಯುವಂತೆ ಬೆನ್ನು ಮುಂದಾಗಿ ಎಳೆಯತಕ್ಕದ್ದು. ಬಾಯಿ ಮುಂದಾದರೆ ತೊಗಲು ಕೊಯ್ದುಹೋಗುತ್ತದೆ. ಪ್ರತಿ ಮೈಗೂ ಹತ್ತು ಹದಿನೈದು ಎಳೆತಗಳು ಸಾಕು.

ಒಂದೇ ಮೈಯಲ್ಲಿ ಮಸೆದ ಕಸಿ ಚಾಕಿಗೆ ಮೂರನೆಯ ಮತ್ತು ನಾಲ್ಕನೆಯ ಕ್ರಮಗಳನ್ನು ಇಳಿಜಾರಿನ ಮೈಗೆ ಮಾತ್ರ ಅನುಸರಿಸತಕ್ಕದ್ದು; ಆ ಇಳಿಜಾರೇ ಕೋನವನ್ನು ತೋರಿಸಿಕೊಡುತ್ತದೆ. ಐದನೆಯ ಕ್ರಮ ಇದಕ್ಕಿಲ್ಲ. ಇಳಿಜಾರನ್ನು ನುಣುಪು ಮುಖದ ಮೇಲೆ ನಯಗೊಳಿಸಿ, ಚಪ್ಪಟೆ ಮೈಯನ್ನು ಅದೇ ಮುಖದ ಮೇಲೆ ಪೂರ್ತಿಯಾಗಿ ಮಲಗಿಸಿ ಎರಡು ಮೂರು ಸಲ ಎಳೆದು ಮಡಿಕೆಯನ್ನು ತೆಗೆದರೆ ಸಾಕು. ಈ ಮೈಯನ್ನು ಸ್ವಲ್ಪ ಎತ್ತಿ ಮಸೆದರೂ ಚಾಕು ಕಸಿಗೆ ಬಾರದಂತಾಗುತ್ತದೆ.

ಹೀಗೆ ಒಮ್ಮೆ ಸರಿಯಾದ ಹರಿತ ಬಂದ ಮೇಲೆ ಒರಟು ಮುಖದ ಅವಶ್ಯಕತೆ ಅಪೂರ್ವ. ವಾರಕ್ಕೊಮ್ಮೆ ನುಣುಪು ಮುಖದ ಮೇಲೆ ಕೆಲವು ಎಳೆತಗಳು, ಕಸಿಯ ದಿನಗಳಲ್ಲಿ ಗಂಟೆಗೊಮ್ಮೆ ತೊಗಲಿನ ಮೇಲೆ ಕೆಲವು ಎಳೆತಗಳು, ಇಷ್ಟರಿಂದಲೇ ಹರಿತ ನಿಲ್ಲುತ್ತದೆ.

೭. ಹರಿತದ ಪರೀಕ್ಷೆ

ಹೆಬ್ಬೆರಳನ್ನು ಬಾಯಿಯ ಉದ್ದಕ್ಕೆ ಎಳೆದು ನೋಡುವ ಅಭ್ಯಾಸವನ್ನು ಬಿಡತಕ್ಕದ್ದು. ಬಾಯನ್ನು ಮೇಲುಮಾಡಿ ಬೆಳಕಿಗೆ ಹಿಡಿದಾಗ, ಮೊಂಡಾದ ಜಾಗವು ಬಿಳಿಯ ಗೆರೆಯಂತೆ ಹೊಳೆಯುತ್ತದೆ. ಹರಿತವಾದ ಜಾಗ ಕಣ್ಣಿಗೆ ಕಾಣುವುದಿಲ್ಲ. ಒಂದು ಕೈಯಲ್ಲಿ ತೂಗಹಿಡಿದ ಕಾಗದವು ಹರಿಯದೆ ಕೊಯ್ದು ಬರಬೇಕು. ತೋಟಗಾರನಿಗೆ ಎಲ್ಲಕ್ಕಿಂತ ನಂಬಿಕೆಯಾದ ಪರೀಕ್ಷೆ ಹಸಿ ದಾಸವಾಳದ ಕಡ್ಡಿ. ಅದನ್ನು ಓರೆಯಾಗಿ ಒಂದೇ ಎಳೆತದಲ್ಲಿ ಕೊಯ್ದಾಗ ಮುಖವು ನಯವಾಗಿ ಮಿನುಗಬೇಕು. ತೊಗಟೆಯ ಅಂಚಿನಲ್ಲಿ ನಾರು ನೇತಾಡಬಾರದು.

೮. ತಿರುಗುವ ಸಾಣೆಯ ವಿಷಯದಲ್ಲಿ ಎಚ್ಚರಿಕೆ

ಸಂತೆಗಳಲ್ಲಿಯೂ ಬೀದಿಗಳಲ್ಲಿಯೂ ಚಕ್ರದ ಸಾಣೆ ಹಿಡಿಯುವವರು ಚಾಕನ್ನು ಕ್ಷಣಮಾತ್ರದಲ್ಲಿ ಹರಿತಮಾಡಿಕೊಡುತ್ತಾರೆ. ಬಾಯಿ ಮುರಿದ ಅಲಗನ್ನು ತಿದ್ದಲು ಇದು ಉಪಯುಕ್ತ. ಆದರೆ ಅನುಭವವಿಲ್ಲದವನು ಅಲಗನ್ನು ಚಕ್ರಕ್ಕೆ ಒತ್ತಿದರೆ ಬಾಯಂಚು ವಿಪರೀತ ಕಾಯುತ್ತದೆ. ಇಂಗಾಲದ ಉಕ್ಕಿನ ಚಾಕಿಗೆ ಕಮ್ಮಾರನು ಹದ ಕೊಡುವಾಗ ಸುಮಾರು ೨೦೦ರಿಂದ ೨೩೦ ಡಿಗ್ರಿ ಸೆಂಟಿಗ್ರೇಡಿಗೆ, ಎಂದರೆ ಉಕ್ಕಿನ ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುವವರೆಗೆ, ಕಾಯಿಸಿ ನಿಲ್ಲಿಸಿರುತ್ತಾನೆ. ಸಾಣೆಯಲ್ಲಿ ೩೦೦ ಡಿಗ್ರಿಯ ಹತ್ತಿರ ಏರಿ ಅಂಚು ನೀಲಿಯಾದರೆ ಹದ ಹೋಯಿತೆಂದು ತಿಳಿಯತಕ್ಕದ್ದು. ನೀಲಿಯಾದ ಭಾಗವನ್ನು ಪೂರ್ತಿ ಸವೆಸಿ ತೆಗೆಯುವವರೆಗೆ ಅಲ್ಲಿ ಹರಿತ ನಿಲ್ಲದು. ಆದಕಾರಣ ಅಲಗನ್ನು ಚಕ್ರಕ್ಕೆ ಹಗುರವಾಗಿ ತಾಗಿಸಿ, ಕೈಗೆ ಬಿಸಿ ತಗಲುವುದಕ್ಕೆ ಮೊದಲೇ ನೀರಿನಲ್ಲಿ ಅದ್ದುತ್ತಿರುವಂತೆ ಕೇಳಿಕೊಳ್ಳತಕ್ಕದ್ದು. ಇದೇ ಕಾರಣದಿಂದ ಚಾಕನ್ನು ಒಲೆಯ ಉರಿಯಲ್ಲಿ ಹಿಡಿದು ಶುದ್ಧಿಮಾಡುವುದೂ ತಪ್ಪು.

೯. ಚಾಕಿನ ಮೂಲಕ ಹರಡುವ ರೋಗಗಳು

ಹರಿತವಾದ ಚಾಕು ಶುಚಿಯಾಗಿಯೂ ಇರಬೇಕು. ರೋಗದ ಗಿಡವನ್ನು ಕೊಯ್ದ ಅಲಗಿನ ರಸವು ಮುಂದಿನ ಗಿಡದ ಗಾಯಕ್ಕೆ ತಗಲಿದರೆ ತೋಟಗಾರನೇ ತನ್ನ ಕೈಯಾರೆ ರೋಗವನ್ನು ನೆಟ್ಟಂತಾಗುತ್ತದೆ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗವು ಸವರುವ ಉಪಕರಣಗಳಿಂದಲೂ ಹರಡುತ್ತದೆ. ನಿಂಬೆ ಕಿತ್ತಳೆಗಳ ಜಾತಿಯಲ್ಲಿ ಬೇರುಸಸಿಯ ತೊಗಟೆ ಚಕ್ಕೆಯೇಳುವ ಎಕ್ಸೊಕಾರ್ಟಿಸ್ ಎಂಬ ರೋಗವು ಕಸಿ ಚಾಕಿನಿಂದ ಗಿಡದಿಂದ ಗಿಡಕ್ಕೆ ದಾಟುತ್ತದೆ. ೧೯೪೪-೪೫ರ ಸುಮಾರಿಗೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಕಬ್ಬಿನ ಕೂಳೆ ಕುಂಠಿತ ರೋಗವು, ಬಿತ್ತನೆಯ ತುಂಡುಗಳನ್ನು ಕತ್ತರಿಸುವ ಮಚ್ಚಿನಿಂದ ಹರಡುತ್ತದೆ. ಹೊರಗೆ ಸ್ಪಷ್ಟವಾದ ಗುರುತಿಲ್ಲದೆ ಇಳುವರಿ ಮಾತ್ರ ಇಳಿಯುವುದರಿಂದ ರೈತನಿಗೆ ಇದು ತಿಳಿಯುವುದೇ ಕಷ್ಟ.

ಇದಕ್ಕೆ ಪರಿಹಾರವು ಸುಲಭ. ಅಲಗಿನ ಅಂಟನ್ನೂ ರಸವನ್ನೂ ಮೊದಲು ಒರಸಿ, ನೂರಕ್ಕೆ ಒಂದು ಪಾಲು ಸೋಡಿಯಂ ಹೈಪೋಕ್ಲೋರೈಟು ಇರುವ ನೀರಿನಲ್ಲಿ ಸುಮಾರು ಒಂದು ನಿಮಿಷ ಅದ್ದತಕ್ಕದ್ದು. ನೂರಕ್ಕೆ ಐದು ಪಾಲಿನ ಬಲವುಳ್ಳ ಬಟ್ಟೆ ಬಿಳುಪಿಸುವ ದ್ರಾವಣ ದೊರೆತರೆ ಅದರ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರಸಿದರಾಯಿತು. ಇದನ್ನು ಅಂದಂದೇ ಮಾಡಿಕೊಳ್ಳಬೇಕು. ಯಾವ ಆಮ್ಲದೊಡನೆಯೂ ಬೆರಸಬಾರದು, ವಿಷದ ಗಾಳಿ ಏಳುತ್ತದೆ. ಎರಡು ಚಾಕುಗಳಿದ್ದರೆ ಒಂದು ದ್ರಾವಣದಲ್ಲಿರುವಾಗ ಇನ್ನೊಂದರಿಂದ ಕೆಲಸ ಸಾಗುತ್ತದೆ. ಈ ದ್ರಾವಣವು ಉಕ್ಕನ್ನು ತಿನ್ನುವುದರಿಂದ ದಿನದ ಕೆಲಸ ಮುಗಿದೊಡನೆ ಚಾಕನ್ನು ನೀರಿನಲ್ಲಿ ತೊಳೆದು, ಒರಸಿ, ಎಣ್ಣೆ ಹಚ್ಚತಕ್ಕದ್ದು. ಎಷ್ಟೇ ಎಚ್ಚರವಿದ್ದರೂ ಆರೋಗ್ಯವಾದ ಗಿಡಗಳನ್ನು ಮೊದಲು ಸವರಿ, ರೋಗದ ಗಿಡಗಳನ್ನು ಕಡೆಗೆ ಉಳಿಸಿಕೊಳ್ಳುವುದು ಬುದ್ಧಿವಂತಿಕೆ.

೧೦. ಇಡುವ ಕ್ರಮ

ಕೀಲಿಗೆ ತಿಂಗಳಿಗೊಮ್ಮೆ ಒಂದು ತೊಟ್ಟು ಯಂತ್ರದ ಎಣ್ಣೆ ಬಿಡತಕ್ಕದ್ದು. ಅಲಗಿಗೆ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಿದರೆ ಸಾಕು. ಅಗಸೆ ಎಣ್ಣೆಯು ಒಣಗಿ ಅಂಟಾಗುವುದರಿಂದ ಅದನ್ನು ಕೀಲಿಗೆ ಹಾಕಬಾರದು. ಒದ್ದೆ ಚಾಕನ್ನು ಮುಚ್ಚಿಡಬಾರದು. ಚಾಕಿನಿಂದ ತಿರುಪು ಬಿಚ್ಚುವುದು, ಡಬ್ಬಿಯ ಮುಚ್ಚಳ ಮೀಟುವುದು, ಮಣ್ಣು ಕೆದರುವುದು, ಇವು ಹರಿತಕ್ಕೆ ಮೃತ್ಯು. ಕೊಯ್ಯುವಾಗ ಕಡ್ಡಿಯನ್ನು ಹಿಡಿದ ಬೆರಳುಗಳು ಅಲಗಿನ ದಾರಿಯಲ್ಲಿರಬಾರದು. ಇನ್ನೊಬ್ಬರಿಗೆ ಕೊಡುವಾಗ ಮಡಿಸಿಯೇ ಕೊಡತಕ್ಕದ್ದು. ಮಕ್ಕಳ ಕೈಗೆ ಎಟಕದಂತೆ ಇಡತಕ್ಕದ್ದು. ಕೆಲಸ ಕಲಿಯುವ ವಯಸ್ಸಿನ ಹುಡುಗರಿಗೆ ಹಿರಿಯರು ಹತ್ತಿರ ಕುಳಿತು, ಕೊಯ್ಯುವುದನ್ನು ಹೇಳಿಕೊಡುವುದಕ್ಕೆ ಮೊದಲು ಮಸೆಯುವುದನ್ನು ಹೇಳಿಕೊಡುವುದು ಒಳ್ಳೆಯದು. ತಾನೇ ಮಸೆದ ಚಾಕಿನ ಬಾಯನ್ನು ಯಾರೂ ಉದಾಸೀನದಿಂದ ಕಾಣುವುದಿಲ್ಲ.

೧೧. ಸಾರಾಂಶ

೧. ಒಂದೇ ಅಲಗಿನ, ಕೀಲು ಬಿಗಿಯಾದ, ಎರಡೂವರೆಯಿಂದ ಮೂರು ಅಂಗುಲದ ನೇರ ಬಾಯಿಯ ಚಾಕನ್ನು ಆರಿಸಿಕೊಳ್ಳಿರಿ.

೨. ಒರಸಿಡುವ ಅಭ್ಯಾಸವಿದ್ದರೆ ಇಂಗಾಲದ ಉಕ್ಕನ್ನೂ, ಇಲ್ಲದಿದ್ದರೆ ತುಕ್ಕು ಹಿಡಿಯದ ಉಕ್ಕನ್ನೂ ಕೊಳ್ಳಿರಿ.

೩. ಎರಡು ಮುಖದ ಕಲ್ಲನ್ನೂ ಒಂದು ತೊಗಲ ಪಟ್ಟಿಯನ್ನೂ ಮನೆಯಲ್ಲಿಟ್ಟುಕೊಳ್ಳಿರಿ.

೪. ಕೋನವನ್ನು ಬದಲಿಸಬೇಡಿರಿ, ಬುಡದಿಂದ ಮೊನೆಯವರೆಗೆ ಮಡಿಕೆ ಏಳುವವರೆಗೂ ಮೈ ತಿರುಗಿಸಬೇಡಿರಿ.

೫. ಅಲಗಿನ ಅಂಚು ನೀಲಿಯಾಗಲು ಬಿಡಬೇಡಿರಿ.

೬. ರೋಗದ ಗಿಡವನ್ನು ಮುಟ್ಟಿದ ಚಾಕನ್ನು ಶುದ್ಧಿಮಾಡದೆ ಇನ್ನೊಂದು ಗಿಡಕ್ಕೆ ತಾಗಿಸಬೇಡಿರಿ.

೭. ಗಾಯವಾದರೆ ತೊಳೆದು, ವೈದ್ಯರಿಗೆ ತೋರಿಸಿರಿ.

ಇಷ್ಟನ್ನು ಪಾಲಿಸಿದ ರೈತನಿಗೆ ಚಾಕಿನ ಬೆಲೆ ಬೇಗನೆ ಮರಳಿ ಬರುತ್ತದೆ. ಕೂಡಿಕೊಂಡ ಒಂದೊಂದು ಕಸಿಯೂ, ಬೇಗನೆ ಮಾಯ್ದ ಕೊಂಬೆಯ ಒಂದೊಂದು ಗಾಯವೂ, ಗಾಯವಾಗದೆ ಉಳಿದ ಬೆರಳುಗಳೂ ಅದರ ಲಾಭದ ಲೆಕ್ಕದಲ್ಲಿ ಸೇರತಕ್ಕವು.